ಮೊದಲ ದಿನ ಎಷ್ಟು ಕಿಲೋಮೀಟರ್ ಓಡಬೇಕು?

ಕಾರವಾರದ ಟಾಗೋರ್ ಕಡಲತೀರದಲ್ಲಿ ಬೆಳಿಗ್ಗೆ ನಾನು ಓಡುವುದನ್ನು ಕಂಡವರು, ಕಚೇರಿಯ ಸಹೋದ್ಯೋಗಿಗಳು, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ನೆಂಟರು, ಎಲ್ಲರೂ ಕೇಳುವುದು ಒಂದೇ ಮಾತು: "ನಾನೂ ಓಡಲು ಶುರು ಮಾಡಬೇಕೆಂದಿದ್ದೇನೆ, ಮೊದಲ ದಿನ ಎಷ್ಟು ಕಿಲೋಮೀಟರ್ ಓಡಲಿ?" ಬಸ್ಸು ಹಿಡಿಯುವುದಕ್ಕಲ್ಲದೆ ಬೇರಾವುದಕ್ಕೂ ಓಡದೆ 41 ವರ್ಷ ಕಳೆದ ಮೇಲೆ ಈ ಅಭ್ಯಾಸಕ್ಕೆ ಬಿದ್ದವನು ನಾನು. ನನ್ನ ಉತ್ತರ ಕೇಳಿದವರಿಗೆ ಸಾಮಾನ್ಯವಾಗಿ ನಿರಾಶೆಯಾಗುತ್ತದೆ. ಮೊದಲ ದಿನ ಒಂದು ನಿಮಿಷ ಓಡಿ, ಬಳಿಕ ಎರಡು ನಿಮಿಷ ನಡೆಯಿರಿ, ಹೀಗೆ ಏಳೆಂಟು ಸಲ ಮಾಡಿ ಮನೆಗೆ ಹೋಗಿ ಎನ್ನುತ್ತೇನೆ. ಕಿಲೋಮೀಟರಿನ ಲೆಕ್ಕ ಮೊದಲ ಮೂರು ತಿಂಗಳು ಬೇಡ.

ಇದು ನನ್ನ ಕಂಡುಹಿಡಿತವೇನೂ ಅಲ್ಲ. 1996ರಲ್ಲಿ ಅಮೆರಿಕದ ಜೋಶ್ ಕ್ಲಾರ್ಕ್ ಎಂಬವರು ತಮ್ಮ ತಾಯಿಗೂ ಸಾಧ್ಯವಾಗುವಂಥ ಒಂದು ಕ್ರಮವನ್ನು ಹೊಸೆದರು. ಅದೇ ಇಂದು ಕೌಚ್ ಟು 5ಕೆ, ಅಂದರೆ ಸೋಫಾದಿಂದ ಐದು ಕಿಲೋಮೀಟರಿಗೆ, ಎಂದು ಜಗತ್ತಿನಾದ್ಯಂತ ಪರಿಚಿತವಾಗಿದೆ. ವಾರಕ್ಕೆ ಮೂರು ದಿನ, ಮೊದಲು ಐದು ನಿಮಿಷ ಚುರುಕಾದ ನಡಿಗೆ, ನಂತರ 60 ಸೆಕೆಂಡು ಓಟ ಮತ್ತು 90 ಸೆಕೆಂಡು ನಡಿಗೆಯಂತೆ 20 ನಿಮಿಷ. ಹೀಗೆ ಆರಂಭವಾಗಿ 9 ವಾರಗಳಲ್ಲಿ ನಿಲ್ಲದೆ ಅರ್ಧ ಗಂಟೆ ಓಡುವ ಹಂತಕ್ಕೆ ಅದು ಮುಟ್ಟಿಸುತ್ತದೆ. ನನಗೆ ಆ 90 ಸೆಕೆಂಡುಗಳಲ್ಲಿ ಉಸಿರು ತಹಬಂದಿಗೆ ಬರುತ್ತಿರಲಿಲ್ಲವಾದ್ದರಿಂದ ನಡಿಗೆಯನ್ನು ಎರಡು ನಿಮಿಷಕ್ಕೆ ಏರಿಸಿಕೊಂಡೆ, ಹಲವು ವಾರಗಳ ಪಾಠವನ್ನು ಎರಡೆರಡು ಸಲ ಮಾಡಿದೆ.

ವೇಗದ ಅಳತೆಗೆ ಗಡಿಯಾರವೂ ಬೇಕಿಲ್ಲ. ಓಡುತ್ತಲೇ ಪಕ್ಕದವರೊಂದಿಗೆ ಒಂದು ಪೂರ್ಣ ವಾಕ್ಯವನ್ನು ಆಡಲು ಸಾಧ್ಯವಾದರೆ ಅದು ಸರಿಯಾದ ವೇಗ. ಎರಡು ಪದಕ್ಕೊಮ್ಮೆ ಏದುಸಿರು ಬಂದರೆ ಅದು ಹೆಚ್ಚಾಯಿತು. ಹೊಸಬರಲ್ಲಿ ಬಹುತೇಕರು ಶಾಲೆಯ ಕ್ರೀಡಾಕೂಟದ ನೂರು ಮೀಟರ್ ಓಟವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊರಟು, ಯುದ್ಧನೌಕೆ ವಸ್ತುಸಂಗ್ರಹಾಲಯ ದಾಟುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡು ನಿಂತು, ಓಟ ತಮ್ಮಿಂದಾಗದು ಎಂದು ತೀರ್ಮಾನಿಸಿಬಿಡುತ್ತಾರೆ. ಆಗದಿರುವುದು ಓಟವಲ್ಲ, ಆ ವೇಗ.

ಆದರೆ ನಾನು ನಿಧಾನದ ಮಾತನ್ನು ಒತ್ತಿ ಹೇಳುವುದಕ್ಕೆ ನಿಜವಾದ ಕಾರಣ ಬೇರೆ. ನಮ್ಮ ದೇಹದ ಎಲ್ಲ ಭಾಗಗಳೂ ಒಂದೇ ಹೊತ್ತಿಗೆ ಪಳಗುವುದಿಲ್ಲ. ಹೃದಯ ಮತ್ತು ರಕ್ತಸಂಚಾರ ಕೆಲವೇ ವಾರಗಳಲ್ಲಿ ಹೊಸ ದುಡಿಮೆಗೆ ಒಗ್ಗಿಕೊಂಡು ದಮ್ಮು ಹೆಚ್ಚುತ್ತದೆ. ಸ್ನಾಯುಗಳನ್ನು ಎಲುಬಿಗೆ ಬಿಗಿಯುವ ರಜ್ಜುಗಳು ಮತ್ತು ಸ್ವತಃ ಎಲುಬುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಓಡುವಾಗ ಪ್ರತಿ ಹೆಜ್ಜೆಯಲ್ಲಿ ದೇಹದ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ, ಒಂದು ಕಿಲೋಮೀಟರಿಗೆ ಅಂಥ ಹೆಜ್ಜೆಗಳು ಸಾವಿರಕ್ಕೂ ಹೆಚ್ಚು. ಹೀಗಾಗಿ ಮೊದಲ ವಾರಕ್ಕಿಂತ ಎರಡನೆಯ ತಿಂಗಳೇ ಅಪಾಯದ್ದು: ಉಸಿರು "ಇನ್ನೂ ಹೋಗೋಣ" ಎನ್ನುತ್ತಿರುತ್ತದೆ, ಕಾಲುಗಳು ಅದಕ್ಕೆ ಸಿದ್ಧವಾಗಿರುವುದಿಲ್ಲ.

ನಾನು ಕೆಟ್ಟದ್ದೂ ಅಲ್ಲಿಯೇ. ಏಳನೆಯ ವಾರದಲ್ಲಿ ಓಟ ಹಗುರವೆನಿಸಿತೆಂದು ಪಾಠವನ್ನು ಬದಿಗಿಟ್ಟು, ದಿನವೂ ಮರಳಿನ ಮೇಲೆ ಉತ್ತರದ ಕೋಡಿಬಾಗದ ಕಡೆಗೆ ಓಡಿ, ಶೂ ಒದ್ದೆಯಾಗದಿರಲೆಂದು ರಸ್ತೆ ಹಿಡಿದು ಹಿಂದಿರುಗತೊಡಗಿದೆ. ಹತ್ತೇ ದಿನಗಳಲ್ಲಿ ಎಡಗಾಲಿನ ಕಣಕಾಲ ಎಲುಬಿನ ಒಳಅಂಚಿನಲ್ಲಿ, ಬೆರಳಿಟ್ಟರೆ ಸಾಕು, ನೋವು. ನನ್ನ ದಾರಿಯನ್ನು ವಿಚಾರಿಸಿದ ವೈದ್ಯರು, ಅವಸರದ ಜೊತೆಗೆ, ನಾನು ಎಂದೂ ಯೋಚಿಸದಿದ್ದ ಇನ್ನೊಂದು ಸಂಗತಿಯನ್ನೂ ತೋರಿಸಿದರು. ಕಡಲತೀರ ನೋಡಲು ಸಪಾಟಾಗಿದ್ದರೂ ಸಮುದ್ರದ ಕಡೆಗೆ ಇಳಿಜಾರಾಗಿರುತ್ತದೆ. ಉತ್ತರಕ್ಕೆ ಓಡುವವನಿಗೆ ಕಡಲು ಎಡಕ್ಕಿರುವುದರಿಂದ ಎಡಗಾಲು ಪ್ರತಿ ಹೆಜ್ಜೆಯಲ್ಲೂ ತುಸು ತಗ್ಗಿಗೆ ಬೀಳುತ್ತದೆ. ಮರಳಿನ ಮೇಲೆಯೇ ಹಿಂದಿರುಗಿದ್ದರೆ ಆ ಓರೆ ಬಲಗಾಲಿಗೂ ಸಮಪಾಲಾಗಿ ಹಂಚಿಹೋಗುತ್ತಿತ್ತು. ಮೂರು ವಾರ ಬರಿಯ ನಡಿಗೆಯಾಯಿತು. ಅಂದಿನಿಂದ ಹೋದ ದಾರಿಯಲ್ಲೇ ಹಿಂದೆ ಬರುತ್ತೇನೆ, ಒಂದು ದಿನ ಓಡಿದರೆ ಮರುದಿನ ಬಿಡುವು.

ಮರಳಿನ ಮಾತು ಬಂದುದರಿಂದ ಕರಾವಳಿಯವರಿಗಾಗಿ ಒಂದೆರಡು ಸಂಗತಿ ಹೇಳಬೇಕು. ಒಣಮರಳಿನಲ್ಲಿ ಹಿಮ್ಮಡಿ ಹೂತು ಮೀನಖಂಡ ಜಗ್ಗುತ್ತದೆ. ಹೊಸಬರಿಗೆ ತಕ್ಕುದು ಇಳಿತದ ಹೊತ್ತಿನಲ್ಲಿ ತೆರೆದುಕೊಳ್ಳುವ ಒದ್ದೆಯ ಗಟ್ಟಿಮರಳು. ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುವುದರಿಂದ, ಈ ವಾರ ಬೆಳಗಿನ ಆರು ಗಂಟೆಗೆ ಗಟ್ಟಿ ನೆಲ ಸಿಕ್ಕರೆ ಮುಂದಿನ ವಾರ ಅದೇ ಹೊತ್ತಿಗೆ ಭರತದ ನೀರು ಅಲ್ಲಿ ನಿಂತಿರುತ್ತದೆ. ಮೀನುಗಾರರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ನಮ್ಮಂಥ ಕಚೇರಿಯ ಜನ ಅವರನ್ನು ಕೇಳಿಕೊಳ್ಳಬೇಕು. ನೀರು ಏರಿದ ವಾರ ನಾನು ಮಾಲಾದೇವಿ ಮೈದಾನಕ್ಕೆ ಹೋಗುತ್ತೇನೆ.

ಇನ್ನು ನಮ್ಮ ಸೆಕೆ. ಬೆವರು ಆರಿದಾಗ ಮಾತ್ರ ಮೈ ತಂಪಾಗುತ್ತದೆ, ಗಾಳಿಯಲ್ಲೇ ತೇವ ತುಂಬಿರುವ ಏಪ್ರಿಲ್ ಮೇ ತಿಂಗಳುಗಳಲ್ಲಿ ಬೆವರು ಆರದೆ ಸುಮ್ಮನೆ ಹರಿಯುತ್ತದೆ, ಹೃದಯ ಅದೇ ಓಟಕ್ಕೆ ಹೆಚ್ಚು ಬಡಿದುಕೊಳ್ಳುತ್ತದೆ. ಧಾರವಾಡದಲ್ಲಿ ಸಲೀಸಾಗಿ ಓಡುವ ನನ್ನ ಭಾವ ಬೇಸಿಗೆಯಲ್ಲಿ ಇಲ್ಲಿಗೆ ಬಂದಾಗ ಅರ್ಧದಲ್ಲೇ ನಡೆಯತೊಡಗಿದರು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಮಳೆಗಾಲದಲ್ಲಿ ಸೆಕೆ ಕಡಿಮೆಯಾದರೂ ಕಡಲು ರಸ್ತೆಯ ಅಂಚಿಗೇ ಬರುವುದರಿಂದ ತೀರದ ಓಟ ಬಂದ್. ನಿಂತ ನೀರಿನಲ್ಲಿ ಬರಿಗಾಲಲ್ಲಿ ಓಡಬಾರದು, ಕಾಲಿನಲ್ಲಿ ಗಾಯವಿದ್ದರಂತೂ ಇಲಿಜ್ವರದ ಭಯ.

ಶೂ ಯಾವುದು ಎಂದು ಕೇಳುವವರಿಗೆ: ಹೆಬ್ಬೆರಳಿನ ಮುಂದೆ ಒಂದು ಬೆರಳಿನ ಜಾಗವಿರುವ, ಅಂಗಡಿಯಲ್ಲೇ ಹಾಕಿಕೊಂಡು ನಡೆದಾಗ ಎಲ್ಲಿಯೂ ಚುಚ್ಚದ ಯಾವುದಾದರೂ ಸಾಕು. ದುಬಾರಿಯದನ್ನು ಮೊದಲೇ ಕೊಳ್ಳುವುದು ಉತ್ಸಾಹಕ್ಕೆ ತೆತ್ತ ದಂಡ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ಮಾತ್ರ ಶೂ ಅಂಗಡಿಗಿಂತ ಮೊದಲು ವೈದ್ಯರ ಬಳಿಗೆ ಹೋಗಬೇಕು. ಓಡುವಾಗ ಎದೆ ಹಿಡಿದರೆ ಯಾರೇ ಆಗಲಿ ಅಲ್ಲಿಗೇ ನಿಲ್ಲಿಸಬೇಕು.

ಒಂಬತ್ತು ವಾರಗಳ ಪಾಠ, ಗಾಯದ ವಿರಾಮವೂ ಸೇರಿ, ನನಗೆ ಐದು ತಿಂಗಳು ಹಿಡಿಯಿತು. ನಿಲ್ಲದೆ ಅರ್ಧ ಗಂಟೆ ಓಡಿದ ದಿನ ಮೊದಲ ಬಾರಿಗೆ ಫೋನಿನಲ್ಲಿ ದೂರ ನೋಡಿಕೊಂಡೆ. ಮೂರೂವರೆ ಕಿಲೋಮೀಟರ್ ಆಗಿತ್ತು.