ಗ್ಯಾಸ್ ಪೈಪಿನ ಕಿವಿ, ಮೂರನೇ ಸಲ

ಎರಡು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ, ದಾವಣಗೆರೆ ಬಿಸಿಲಿಗೆ ಗಮ್ ಬಿಟ್ಕೊಳ್ತಿತ್ತು ಅಂತ ನೆಪ ಹೇಳಬಹುದು, ನಿಜ ಏನಂದ್ರೆ ನಾನು ಮಾಡಿದ ಕಿವಿನೇ ತಪ್ಪಾಗಿತ್ತು.

ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸಿಸ್ಟರ್‌ಗಳಿಗೆ, ಸಿಎಚ್‌ಓಗಳಿಗೆ (ಸಮುದಾಯ ಆರೋಗ್ಯ ಅಧಿಕಾರಿಗಳು) ಓಟೋಸ್ಕೋಪ್‌ನಲ್ಲಿ, ಅಂದ್ರೆ ಕಿವಿಯೊಳಗೆ ಲೈಟ್ ಬಿಟ್ಟು ನೋಡೋ ಉಪಕರಣದಲ್ಲಿ, ಕಿವಿ ನೋಡೋದು ಕಲಿಸ್ತಿದೀನಲ್ಲ, ಅದಕ್ಕೆ ಪ್ರಾಕ್ಟೀಸ್ ಕಿವಿ. ದೊಡ್ಡೋರ ಕಿವಿ ನಾಳ ಸುಮಾರು 2.5 ಸೆಂ.ಮೀ. ಉದ್ದ, ಹಳೇ ಗ್ಯಾಸ್ ಸ್ಟೌ ಪೈಪು ಅಷ್ಟೇ ಕತ್ತರಿಸಿ ಹಿಂದೆ ಕಿವಿ ತಮಟೆ (ನಾಳದ ಕೊನೇಲಿರೋ ತೆಳು ಪೊರೆ) ಫೋಟೋ ಅಂಟಿಸಿದ್ರೆ ಮುಗೀತು ಅಂದ್ಕೊಂಡಿದ್ದೆ.

ಮೊದಲನೇದು ಹಾಳಾಗಿದ್ದು ಗ್ಲಾಸಿ ಪೇಪರಿಂದ. ಚೆನ್ನಾಗಿರೋ ತಮಟೆ ಮೇಲೆ ಬೆಳಕಿನ ತ್ರಿಕೋನ ಕಾಣುತ್ತೆ, ಬಲಗಿವೀಲಿ ಗಡಿಯಾರದ 5ರ ಕಡೆ, ಎಡಗಿವೀಲಿ 7ರ ಕಡೆ ಅಂತ ನಾನೇ ಹೇಳ್ಕೊಟ್ಟಿದ್ದೆ. ತೂತು ಬಿದ್ದ ತಮಟೆ ಫೋಟೋ ಇಟ್ರೂ ಪೇಪರು ಮಿಣಮಿಣ ಅನ್ನೋದು, ಎಲ್ರೂ "ಲೈಟ್ ಕಾಣ್ತೈತಿ ಸರ್, ನಾರ್ಮಲ್" ಅಂದ್ರು. ಅವರ ತಪ್ಪೇನಿಲ್ಲ. ಮ್ಯಾಟ್ ಪೇಪರಿಗೆ ಬದಲಾಯಿಸಿದೆ.

ಎರಡನೇದು ಇನ್ನೂ ಮೋಸದ್ದು, ಯಾಕಂದ್ರೆ ಅದರಲ್ಲಿ ಎಲ್ರೂ ಪಾಸು. ಆಮೇಲೆ ಒಬ್ಬರ ಕಿವಿ ಒಬ್ಬರು ನೋಡ್ರಿ ಅಂದ್ರೆ ಬರೀ ಕೂದಲು, ಗುಗ್ಗೆ. ನಿಜವಾದ ನಾಳ ಸೊಟ್ಟಗಿರುತ್ತೆ, ದೊಡ್ಡೋರಿಗೆ ಕಿವಿ ಮೇಲಕ್ಕೆ ಹಿಂದಕ್ಕೆ ಎಳೀಬೇಕು, ಪುಟ್ಟ ಮಕ್ಕಳಿಗೆ ಕೆಳಕ್ಕೆ ಹಿಂದಕ್ಕೆ, ನನ್ನ ನೆಟ್ಟಗಿನ ಪೈಪಿಗೆ ಎಳೆಯೋ ಕೆಲಸನೇ ಇರ್ಲಿಲ್ಲ. ಮೂರನೇದಕ್ಕೆ ಪೈಪು ಬಗ್ಗಿಸಿ ಹವಾಯಿ ಚಪ್ಪಲಿ ಕತ್ತರಿಸಿ ಹೊರಗಿವಿ ಮಾಡಿದೀನಿ, ಮೇಷ್ಟ್ರು ಹಿಂಡಿದಂಗೆ ಹಿಂಡದಿದ್ರೂ ಸರಿಯಾದ ದಿಕ್ಕಿಗೆ ಎಳೀದಿದ್ರೆ ಫೋಟೋ ಕಾಣಲ್ಲ. ನೋಡ್ತಿರುವಾಗ ನಾನು ಹಿಂದಿಂದ ಅಲ್ಲಾಡಿಸ್ತೀನಿ, ಕಿರುಬೆರಳು ಕೆನ್ನೆ ಮೇಲೆ ಊರಿದೋರ ಓಟೋಸ್ಕೋಪು ಕಿವಿ ಜೊತೆನೇ ಅಲ್ಲಾಡುತ್ತೆ, ಊರದೋರದು ನಾಳಕ್ಕೆ ಚುಚ್ಚುತ್ತೆ. ಮಗು ತಲೆ ಕೊಡವಿದ್ರೂ ಇದೇ ಆಗೋದು.

ಪೈಪಲ್ಲಿ ಕಲಿಸೋಕಾಗದ್ದು ಒಂದಿದೆ, ಅದನ್ನ ಬಾಯಲ್ಲೇ ಹೇಳ್ತೀನಿ: ಮೊದಲು ಕಿವಿ ಹಿಂದೆ ಮುಟ್ಟಿ ನೋಡ್ರಿ, ಊದ್ಕೊಂಡು ನೋವಿದ್ರೆ ಅವತ್ತೇ ದೊಡ್ಡಾಸ್ಪತ್ರೆಗೆ ಕಳಿಸ್ರಿ.

ಈಗ ಹೊಸ ತಲೆನೋವು. ಚಳ್ಳಕೆರೆ ಕಡೆ ಸಿಸ್ಟರ್ ಒಬ್ರು, ಅದೇ ಶೇಂಗಾ ಎಣ್ಣೆ ಮಿಲ್ಲುಗಳ ಊರು, "ಸರ್, ನಮ್ಮಲ್ಲಿ ಕಿವಿ ನೋವು ಅಂತ ಬರೋರು ಮನೇಲೇ ಬಿಸಿ ಎಣ್ಣೆ ಬಿಟ್ಕೊಂಡೇ ಬರ್ತಾರ, ಒಳಗ ಎಲ್ಲಾ ಜಿಡ್ಡು, ಅಂಥ ಕಿವಿ ಮಾಡ್ರಿ" ಅಂದ್ರು. ನ್ಯಾಯವಾದ ಮಾತು. ಎರಡು ಹನಿ ಬಿಟ್ಟೆ, ಮ್ಯಾಟ್ ಪೇಪರು ಎಣ್ಣೆ ಕುಡಿದು ತಮಟೆ ಬೋಂಡಾ ಕಟ್ಟಿದ ಪೇಪರಾಯ್ತು. ಲ್ಯಾಮಿನೇಟ್ ಮಾಡಿಸಿದೆ, ಎಣ್ಣೆ ನಿಂತ್ಕೊಳ್ತು, ಆದ್ರೆ ಮತ್ತೆ ಮಿಣಮಿಣ.