ಗೆದ್ದಲು ತಿಂದ 61ನೇ ಅಧ್ಯಾಯ

ನಾನೂ ರೈಟರೇ. ಕಾಫಿ ತೋಟದ ರೈಟರು. ಮೂಡಿಗೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನವರು ಮಾತ್ರ "ಏನು ಬರೀತೀರಾ ಸಾರ್, ಕಥೆನಾ, ಕವನಾನಾ?" ಅಂತ ಕೇಳುತ್ತಾರೆ. ಚೆಕ್‌ರೋಲ್ ಬರೆಯುತ್ತೇನೆ. ಯಾರು ಬಂದರು, ಯಾರು ಅರ್ಧ ದಿನಕ್ಕೆ ಹೋದರು, ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು, ಎಷ್ಟು ಮೂಟೆ ಗೊಬ್ಬರ ಖರ್ಚಾಯಿತು. 27 ವರ್ಷದಿಂದ ಇದೇ ಕೆಲಸ. ಇಂಥ ಲೆಕ್ಕದ ಮನುಷ್ಯ ಒಂದು ಇಂಗ್ಲಿಷ್ ಕಾದಂಬರಿ ಓದಿ ಲೆಕ್ಕ ತಪ್ಪಿದ್ದನ್ನು ಹೇಳಬೇಕು.

2013ರ ಮಳೆಗಾಲ. ಬಂಗಲೆಯ ಹಳೇ ಬೀರು ಖಾಲಿ ಮಾಡಿಸುತ್ತಿದ್ದರು. ಗೆದ್ದಲು ಹತ್ತಿದ ಪುಸ್ತಕಗಳನ್ನೆಲ್ಲ ಹಂಡೆ ಒಲೆಗೆ ಅಂತ ಒಂದು ಬುಟ್ಟಿಗೆ ತುಂಬಿದ್ದರು. "ರೈಟ್ರೇ, ನಿಮಗೆ ಬೇಕಾದ್ರೆ ನೋಡ್ರಿ" ಅಂದರು ಸಾವ್ಕಾರ್ರು. ಸುಮ್ನೆ ಕೈ ಹಾಕಿದೆ, 'ದಿ ಫ್ರೆಂಚ್ ಲೆಫ್ಟಿನೆಂಟ್ಸ್ ವುಮನ್' ಬಂತು. ಜಾನ್ ಫೌಲ್ಸ್, 1969. ಲೆಫ್ಟಿನೆಂಟ್ ಅಂತ ಇದೆಯಲ್ಲ, ಯುದ್ಧದ ಕಥೆ ಇರಬೇಕು ಅಂದುಕೊಂಡೆ. ಹಿಂದಿನ ರಟ್ಟು ಇರಲಿಲ್ಲ. ಬೆನ್ನು ಪುಡಿಪುಡಿಯಾಗಿತ್ತು.

ಆಗೆಲ್ಲ ಸಂಜೆ ಆರಕ್ಕೆ ಕರೆಂಟು ಹೋದರೆ ಬೆಳಗ್ಗೆವರೆಗೂ ಇಲ್ಲ. ದಿನಕ್ಕೆ ಐದಾರು ಪುಟ, ಪಕ್ಕದಲ್ಲಿ ನಿಘಂಟು. ನನ್ನ ಹೆಂಡತಿ ಒಲೆ ಮುಂದೆ ಹಲಸಿನ ಬೀಜ ಸುಡುತ್ತಾ "ಇವತ್ತು ಏನಾಯ್ತು?" ಅಂತ ಕೇಳುತ್ತಿದ್ದಳು. ಓದಿದ್ದಷ್ಟನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಸೀರಿಯಲ್ ಇಲ್ಲದ ಸಂಜೆಗಳಿಗೆ ಇದೇ ಸೀರಿಯಲ್.

ಕಥೆ ನಡೆಯುವುದು 1867ರಲ್ಲಿ, ಇಂಗ್ಲೆಂಡಿನ ಲೈಮ್ ರೆಜಿಸ್ ಅನ್ನುವ ಸಮುದ್ರದ ಊರಲ್ಲಿ. ಚಾರ್ಲ್ಸ್ ಅನ್ನುವವನಿಗೆ 32 ವರ್ಷ, ದೊಡ್ಡ ಮನೆತನ, ಕೆಲಸ ಗಿಲಸ ಇಲ್ಲ. ದೊಡ್ಡ ಅಂಗಡಿ ಸಾಹುಕಾರನ ಮಗಳು ಅರ್ನೆಸ್ಟಿನಾ ಜೊತೆ ಮದುವೆ ಗೊತ್ತಾಗಿದೆ. ಅದೇ ಊರಲ್ಲಿ ಸಾರಾ ಅನ್ನುವ ಹೆಂಗಸು ಸಮುದ್ರದೊಳಕ್ಕೆ ಚಾಚಿದ ಕಲ್ಲುಗೋಡೆಯ ತುದಿಯಲ್ಲಿ ಒಬ್ಬಳೇ ನಿಂತು ನೀರು ನೋಡುತ್ತಿರುತ್ತಾಳೆ. ಫ್ರೆಂಚ್ ಲೆಫ್ಟಿನೆಂಟ್ ಒಬ್ಬ ಕೆಡಿಸಿ ಬಿಟ್ಟುಹೋದ ಅಂತ ಊರಿನ ಮಾತು. ಹೆಸರಿನ ಅರ್ಥ ಕೇಳಿ ನನ್ನ ಹೆಂಡತಿ "ಇಟ್ಕೊಂಡವಳು ಅಂತ ಹೇಳಿ ಮತ್ತೆ" ಅಂದಳು. ಊರಿನವರು ಅದಕ್ಕಿಂತ ಕೆಟ್ಟ ಮಾತನ್ನೇ ಆಡುತ್ತಾರೆ. ಮುಂದೆ ಚಾರ್ಲ್ಸ್ ಅವಳಿಗೆ ಸೋತು, ಗೊತ್ತಾದ ಮದುವೆ ಮುರಿದು, ಮರ್ಯಾದೆ ಕಳೆದುಕೊಂಡು ವಾಪಸ್ ಬರುವಷ್ಟರಲ್ಲಿ ಅವಳು ಮಾಯ. ಆ ಲೆಫ್ಟಿನೆಂಟನ ಕಥೆಯೂ ಅವಳು ಹೇಳಿದ ಹಾಗೆ ಇರಲಿಲ್ಲ ಅಂತ ಅಷ್ಟರಲ್ಲಿ ಅವನಿಗೆ ಗೊತ್ತಾಗಿರುತ್ತದೆ.

ಚಾರ್ಲ್ಸನ ಹುಚ್ಚು ಅಂದರೆ ಕಲ್ಲಾಗಿ ಹೋದ ಹಳೇ ಜೀವಿಗಳು. ಸುತ್ತಿಗೆ ಹಿಡಿದು ಬೆಟ್ಟದ ಬುಡ ಸುತ್ತುತ್ತಾನೆ. ಲೈಮ್ ರೆಜಿಸ್ ಅದಕ್ಕೇ ಹೆಸರಾದ ಊರು. ಫೌಲ್ಸ್ ಅಲ್ಲೇ ಮನೆ ಮಾಡಿದ್ದ, ಮುಂದೆ ಆ ಊರಿನ ಮ್ಯೂಸಿಯಂ ಕೂಡ ನೋಡಿಕೊಂಡ. ಇದನ್ನೆಲ್ಲ ಮೂಡಿಗೆರೆಯಲ್ಲಿ ಕೂತು ಓದುವವನಿಗೆ ತೇಜಸ್ವಿ ನೆನಪಾಗದೆ ಇರುತ್ತಾರಾ? 1980ರ 'ಕರ್ವಾಲೊ'ದಲ್ಲಿ ಹಾರುವ ಓತಿಯ ಹಿಂದೆ ಅಷ್ಟು ಜನ ಕಾಡು ಮೇಡು ಅಲೆದು, ಕೊನೆಗೆ ಅದು ಎಲ್ಲರ ಕಣ್ಣೆದುರೇ ಹಾರಿಹೋಗುತ್ತದಲ್ಲ, ಸಾರಾ ಹಾಗೆ. ಚಾರ್ಲ್ಸ್ ಜೋಬಿನಲ್ಲಿ ಕಲ್ಲಿಟ್ಟುಕೊಂಡು ಬಂದವನು. ಸಿಕ್ಕ ಜೀವಕ್ಕೆ ಚೀಟಿ ಅಂಟಿಸಿ ಡಬ್ಬಿಗೆ ಹಾಕುವುದು ಅವನ ಅಭ್ಯಾಸ. ಇವಳಿಗೆ ಅಂಟಿಸೋ ಚೀಟಿ ಅವನ ಹತ್ತಿರ ಇಲ್ಲ.

ಹನ್ನೆರಡು ಅಧ್ಯಾಯ ಹೀಗೆ ಹಳೇ ಕಾಲದ ಕಾದಂಬರಿಯ ಥರ ಚೆನ್ನಾಗಿ ಸಾಗಿ, ಹದಿಮೂರನೆಯದರಲ್ಲಿ ಬರೆದವನೇ ಎದ್ದು ನಿಲ್ಲುತ್ತಾನೆ. ಇದೆಲ್ಲ ನನ್ನ ಕಲ್ಪನೆ, ಇವರು ಯಾರೂ ಇರಲೇ ಇಲ್ಲ, ಆದರೂ ನಾನು ಹೇಳಿದ ಹಾಗೆ ಕೇಳುತ್ತಿಲ್ಲ ಅಂತಾನೆ! ನನಗೆ ಮೋಸ ಹೋದ ಹಾಗಾಯಿತು. ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಆಮೇಲೆ ಅವನ ಈ ತಲೆಹರಟೆ ಅಭ್ಯಾಸವಾಯಿತು. 1867ರ ಕಥೆ ಹೇಳುತ್ತಾ ಹೇಳುತ್ತಾ ಹಿಟ್ಲರನ ಗುಪ್ತ ಪೊಲೀಸರು, ಆ ಗೆಸ್ಟಾಪೋನ ತರುತ್ತಾನೆ. ಸಾರಾಳನ್ನು ಕೆಲಸಕ್ಕಿಟ್ಟುಕೊಂಡು ಗೋಳುಹುಯ್ದುಕೊಂಡ ಮಿಸೆಸ್ ಪೌಲ್ಟನಿ ಅಲ್ಲಿ ಒಳ್ಳೆ ಕೆಲಸಕ್ಕೆ ಸೇರಬಹುದಿತ್ತಂತೆ.

55ನೇ ಅಧ್ಯಾಯದಲ್ಲಂತೂ ರೈಲಿನ ಡಬ್ಬಿಗೇ ಹತ್ತಿ, ನಿದ್ದೆ ಹೋದ ಚಾರ್ಲ್ಸನ ಎದುರು ಕೂರುತ್ತಾನೆ. ನಿನ್ನನ್ನು ಏನು ಮಾಡಲಿ ಅನ್ನುವ ಹಾಗೆ ದಿಟ್ಟಿಸಿ ನೋಡುತ್ತಾನೆ. ಬೇಲೂರಿನಲ್ಲಿ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಹೆಸರು ಕೆತ್ತಿಕೊಂಡಿದ್ದಾರಲ್ಲ, ಅಷ್ಟರಲ್ಲೇ ಈತನಿಗೆ ತೃಪ್ತಿ ಇಲ್ಲ. ಇವನು ಮದನಿಕೆಯ ಪಕ್ಕದಲ್ಲೇ ಬಂದು ಕೂತ.

ಅಲ್ಲಿ ಒಂದು ಮಾತು ಹೇಳುತ್ತಾನೆ. ಈ ಕಥೆಗೆ ಎರಡು ಕೊನೆ ಕೊಡುತ್ತೇನೆ. ಆದರೆ ಎರಡನ್ನೂ ಒಟ್ಟಿಗೆ ಹೇಳೋಕಾಗಲ್ಲ, ಯಾವುದನ್ನು ಆಮೇಲೆ ಹೇಳುತ್ತೇನೋ ಅದೇ ನಿಜ ಅಂತ ಓದುವವರು ನಂಬುತ್ತಾರೆ. ಹಾಗಂದು ಒಂದು ನಾಣ್ಯ ಚಿಮ್ಮುತ್ತಾನೆ.

ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. 44ನೇ ಅಧ್ಯಾಯದಲ್ಲಿ ಒಂದು ಕೊನೆ ಆಗಲೇ ಬಂದಿತ್ತು. ಚಾರ್ಲ್ಸ್ ಅರ್ನೆಸ್ಟಿನಾಳನ್ನೇ ಮದುವೆಯಾಗಿ, ಏಳು ಮಕ್ಕಳು ಅಂತ ಇಟ್ಟುಕೊಳ್ಳಿ ಅಂತ ಬರೆದಿದ್ದ. ಮಿಸೆಸ್ ಪೌಲ್ಟನಿ ಸತ್ತು ಸ್ವರ್ಗದ ಬಾಗಿಲಿಗೆ ಹೋಗಿ ಅಲ್ಲಿಂದ ಉರುಳಿ ಬೀಳುವುದೂ ಅಲ್ಲೇ. ನನ್ನ ಹೆಂಡತಿ ಅದನ್ನು ಎರಡು ಸಲ ಹೇಳಿಸಿಕೊಂಡಳು. ಮುಂದಿನ ಅಧ್ಯಾಯದಲ್ಲೇ, ಅದು ಚಾರ್ಲ್ಸ್ ಸುಮ್ನೆ ಮನಸ್ಸಿನಲ್ಲಿ ಅಂದುಕೊಂಡದ್ದು ಅಂತ ಬರೆದವನು ತಿದ್ದಿದ್ದ. ನಾನು ಮಾತ್ರ ಅದನ್ನೂ ಒಂದು ಅಂತ ಹಿಡಿದೆ. ಹೊಡೆದು ಹಾಕಿದ ಎಂಟ್ರಿಯನ್ನು ಟೋಟಲ್‌ಗೆ ಸೇರಿಸಬಾರದು ಅನ್ನುವುದು ರೈಟರ ಕೆಲಸದ ಮೊದಲ ಪಾಠ. ಹೊಸ ಹುಡುಗರಿಗೆ ನಾನೇ ಹೇಳಿಕೊಡುತ್ತೇನೆ!

60ನೇ ಅಧ್ಯಾಯದಲ್ಲಿ ಚಾರ್ಲ್ಸ್ ಲಂಡನ್ನಿನಲ್ಲಿ, ಚಿತ್ರಕಾರ ರೊಸೆಟ್ಟಿಯ ಮನೆಯಲ್ಲಿ ಸಾರಾಳನ್ನು ಕಾಣುತ್ತಾನೆ. ಮಾತು, ಜಗಳ, ಆಮೇಲೆ ಒಂದು ಪುಟ್ಟ ಹುಡುಗಿಯನ್ನು ಕರೆದುಕೊಂಡು ಬರುತ್ತಾರೆ. ಅವನದೇ ಮಗಳು. ಹೆಸರು ಲಾಲಗಿ. ಅಲ್ಲಿಗೆ ನನ್ನ ಪುಸ್ತಕ ಮುಗಿಯಿತು. ಆ ಹಾಳೆಯ ಹಿಂದೆ ಏನೂ ಇಲ್ಲ, ಮಣ್ಣು ಮೆತ್ತಿದ ಅಂಟು ಅಷ್ಟೇ. ರಟ್ಟೊಂದು ಹೋಗಿದೆ ಅಂದುಕೊಂಡೆ. 44ರದ್ದು ಒಂದು, 60ರದ್ದು ಒಂದು, ಎರಡು ಸರಿಹೋಯಿತು. ಆ ವಾರವೇ ನಮ್ಮ ಕೊಟ್ಟಿಗೆಯಲ್ಲಿ ಹೆಣ್ಣುಕರು ಹುಟ್ಟಿತ್ತು. "ಲಾಲಿ ಅಂತಲೇ ಕರೆಯೋಣ ಕಣ್ರೀ" ಅಂದಳು ನನ್ನ ಹೆಂಡತಿ.

ಹತ್ತು ವರ್ಷ ಹಾಗೇ ಇದ್ದೆವು.

ಬೆಂಗಳೂರಿನಲ್ಲಿರುವ ಮಗಳು ದೀಪಾವಳಿಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ಇದೇ ಕಾದಂಬರಿಯ ಸಿನಿಮಾ ಹಾಕಿದಳು. 1981ರದ್ದು. ಕರೆಲ್ ರೈಸ್ ನಿರ್ದೇಶನ, ಚಿತ್ರಕಥೆ ಹೆರಾಲ್ಡ್ ಪಿಂಟರ್, ಮುಂದೆ ನೊಬೆಲ್ ಪಡೆದ ನಾಟಕಕಾರ. ಶುರುವಿನಲ್ಲೇ ಸಾರಾ ವೇಷದ ಮೆರಿಲ್ ಸ್ಟ್ರೀಪ್ ಕನ್ನಡಿ ನೋಡಿಕೊಳ್ಳುತ್ತಾಳೆ, ಕ್ಲಾಪ್ ಹೊಡೆಯುತ್ತಾರೆ, ಅವಳು ಆ ಕಲ್ಲುಗೋಡೆಯ ಮೇಲೆ ನಡೆಯತೊಡಗುತ್ತಾಳೆ. ಅಂದರೆ ಸಿನಿಮಾದೊಳಗೆ ಸಿನಿಮಾ. ಸ್ಟ್ರೀಪ್ ಒಂದು ಸಲ ಸಾರಾ, ಇನ್ನೊಂದು ಸಲ ಆ ಪಾತ್ರ ಮಾಡುವ ನಟಿ ಆನಾ. ಜೆರೆಮಿ ಐರನ್ಸ್ ಚಾರ್ಲ್ಸೂ ಹೌದು, ನಟ ಮೈಕೂ ಹೌದು. ಶೂಟಿಂಗ್ ಮಧ್ಯೆ ಈ ಇಬ್ಬರು ನಟರಿಗೂ ಸಂಬಂಧ. ಇಬ್ಬರಿಗೂ ಬೇರೆ ಬೇರೆ ಸಂಗಾತಿ ಇದ್ದಾರೆ.

"ಬರೆದವನೇ ಇಲ್ವಲ್ಲೇ" ಅಂತ ನಾನು ಗೊಣಗಿದೆ. "ಅವನನ್ನ ಹೆಂಗಪ್ಪಾ ತೋರಿಸ್ತಾರೆ? ಹಿಂದಿಂದ ವಾಯ್ಸ್ ಹಾಕಿದ್ರೆ ನೀನೇ ಗೊರಕೆ ಹೊಡೀತಿದ್ದೆ" ಅಂದಳು ಮಗಳು.

ಒಂದು ಜಾಗ ಮಾತ್ರ ಮರೆಯೋಕಾಗಲ್ಲ. ಆನಾ, ಮೈಕ್ ಮಾಮೂಲಿ ಬಟ್ಟೆಯಲ್ಲಿ ಒಂದು ಕೋಣೆಯೊಳಗೆ ದೃಶ್ಯ ಪ್ರಾಕ್ಟೀಸ್ ಮಾಡುತ್ತಿರುತ್ತಾರೆ. ಒಂದು ಸಲ ಸಪ್ಪೆಯಾಗಿ, ಇನ್ನೊಂದು ಸಲ ಸ್ವಲ್ಪ ಮನಸ್ಸಿಟ್ಟು. ಅವಳು ತಿರುಗಿ ಬೀಳುತ್ತಾಳೆ. ಬೀಳಲು ಶುರು ಮಾಡಿದ್ದು ಕೋಣೆಯಲ್ಲಿ, ಬಿದ್ದದ್ದು 1867ರ ಕಾಡಿನಲ್ಲಿ! ಫೌಲ್ಸ್ ಹದಿಮೂರನೇ ಅಧ್ಯಾಯದಲ್ಲಿ ಪುಟಗಟ್ಟಲೆ ಹೇಳಿದ್ದನ್ನು ಇವರು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿದ್ದಾರೆ.

ಕೊನೆಯ ಬಗ್ಗೆ ನನಗೆ ತಕರಾರಿದೆ. ಹಳೇ ಕಾಲದ ಜೋಡಿ, ಚಾರ್ಲ್ಸ್ ಮತ್ತು ಸಾರಾ, ಒಂದಾಗಿ ಸರೋವರದ ಮೇಲೆ ದೋಣಿಯಲ್ಲಿ ಹೋಗುತ್ತದೆ. ಶೂಟಿಂಗ್ ಮುಗಿದ ಪಾರ್ಟಿಯಲ್ಲಿ ಆನಾ ಹೇಳದೆ ಕೇಳದೆ ಹೊರಟುಹೋಗುತ್ತಾಳೆ. ಮೈಕ್ ಕಿಟಕಿಯಿಂದ ಕೂಗುತ್ತಾನೆ. ಕೂಗುವ ಹೆಸರು ಆನಾ ಅಲ್ಲ, ಸಾರಾ. ಆ ಕೂಗಿಗೆ ಮೈ ಜುಮ್ಮೆಂದಿತು, ಸುಳ್ಳು ಹೇಳಲ್ಲ. ಆದರೆ ಇದು ಅಣ್ಣ ತಮ್ಮ ತೋಟ ಪಾಲು ಮಾಡಿಕೊಂಡ ಹಾಗಾಯಿತು. ಸುಖ ಆ ಜೋಡಿಗೆ, ದುಃಖ ಈ ಜೋಡಿಗೆ, ನಡುವೆ ಬೇಲಿ. ಸುಖದ ಕೊನೆ ಬರೀ ಸಿನಿಮಾದವರು ಕಟ್ಟಿದ್ದು ಅಂತ ಅನಿಸಿಬಿಡುತ್ತದೆ.

"ಮಗು ಎಲ್ಲಿ?" ಅಂದಳು ನನ್ನ ಹೆಂಡತಿ. ಸಿನಿಮಾದಲ್ಲಿ ಮಗುವೇ ಇಲ್ಲ.

ಮಗಳಿಗೆ ಅನುಮಾನ ಬಂತು. "ಅಪ್ಪ, ನಿನ್ನ ಬುಕ್ಕಲ್ಲಿ ಚಾಪ್ಟರ್ ಎಷ್ಟಿದೆ?" ಅರವತ್ತು ಅಂದೆ. "ಅರವತ್ತೊಂದು ಇರೋದು." ಮುಂದಿನ ಸಲ ಬರುವಾಗ ಚರ್ಚ್ ಸ್ಟ್ರೀಟಿನಿಂದ ಹಳೇ ಪ್ರತಿ ತಂದುಕೊಟ್ಟಳು. ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವ ಜೀಪಿನಲ್ಲೇ ಓದಿದೆ. ಬರೆದವನು ಮತ್ತೆ ಬರುತ್ತಾನೆ, ಈ ಸಲ ಗಡ್ಡ ಗಿಡ್ಡ ಟ್ರಿಮ್ ಮಾಡಿಕೊಂಡು ಶೋಕಿಲಾಲನಂತೆ. ರೊಸೆಟ್ಟಿ ಮನೆಯೆದುರು ನಿಂತು ತನ್ನ ಗಡಿಯಾರವನ್ನು ಕಾಲು ಗಂಟೆ ಹಿಂದಕ್ಕೆ ತಿರುಗಿಸುತ್ತಾನೆ. ಒಳಗೆ ಅದೇ ಜಗಳ, ಅದೇ ಮಾತು. ಆದರೆ ಈ ಸಲ ಚಾರ್ಲ್ಸ್ ಎದ್ದು ಹೊರಟುಬಿಡುತ್ತಾನೆ. ಒಬ್ಬನೇ.

ಅವನು ನಾಣ್ಯ ಚಿಮ್ಮಿ ಆರಿಸಿದ ಕೊನೆ ಇದು. ನನ್ನ ಪ್ರತಿಯಲ್ಲಿ ಆರಿಸಿದ್ದು ಗೆದ್ದಲು.

ಇದನ್ನು ಓದದೆ ಇದ್ದಿದ್ದರೇ ಚೆನ್ನಾಗಿತ್ತಾ ಅಂತ ಯೋಚಿಸಿದೆ. ಇಲ್ಲ. 60ರ ಸುಖ ಈಗ ಜಾಸ್ತಿ ಕಾಣುತ್ತದೆ, ಅದು ತಪ್ಪಿಹೋಗಬಹುದಿತ್ತು ಅಂತ ಗೊತ್ತಾದ ಮೇಲೆ. ಮಗಳು ಇದು ಥೇಟ್ 'ನಾಗಮಂಡಲ' ಅಂದಳು. ಕಾರ್ನಾಡರ ಆ ನಾಟಕದಲ್ಲೂ ಕಥೆ ಕೇಳುವವನು ಈ ಕೊನೆ ಸರಿಯಿಲ್ಲ ಅಂತ ತಕರಾರು ತೆಗೆದು ಇನ್ನೊಂದನ್ನು ಹೇಳಿಸಿಕೊಳ್ಳುತ್ತಾನೆ. ಫೌಲ್ಸ್ ನಮ್ಮನ್ನು ಕೇಳುವುದಿಲ್ಲ, ಎರಡನ್ನೂ ಕೈಗಿಟ್ಟು ಹೋಗುತ್ತಾನೆ.

ರಾತ್ರಿ ಹೆಂಡತಿಗೆ ಹೇಳಿದೆ. ಅನ್ನ ಬಸಿಯುತ್ತಿದ್ದವಳು ತಿರುಗಲಿಲ್ಲ.

"ಮಗು ಅವನದೇ ತಾನೇ?"

"ಈ ಅಧ್ಯಾಯದಲ್ಲಿ ಅದನ್ನ ಬಿಡಿಸಿ ಹೇಳಿಲ್ಲ ಕಣೆ."

"ಹೇಳದಿದ್ರೆ ಬಿಡ್ಲಿ. ನಾನು ಹೆಸರಿಟ್ಟು ಹತ್ತು ವರ್ಷ ಆಯ್ತು, ಅದು ನಾಲ್ಕು ಕರು ಹಾಕಿದೆ" ಅಂದವಳೇ ಗಂಜಿಯ ಪಾತ್ರೆ ಎತ್ತಿಕೊಂಡು ಕೊಟ್ಟಿಗೆ ಕಡೆ ಹೋದಳು. "ಲಾಲೀ..." ಅಂತ ಕರೆದದ್ದು ಮಳೆಯಲ್ಲೂ ಕೇಳಿಸಿತು.