ವಾರ್ಡ್ ಮೀಸಲಾತಿ ಪಟ್ಟಿಯನ್ನು ಓದುವುದು ಹೇಗೆ

ಪಾಲಿಕೆ ಚುನಾವಣೆಗೆ ಮೀಸಲಾತಿ ಬೇಕೋ ಬೇಡವೋ ಎಂದು ಬೆಂಗಳೂರಿನಲ್ಲಿ ಗಂಟೆಗಟ್ಟಲೆ ವಾದ ನಡೆಯುತ್ತದೆ. ಯಾವ ವಾರ್ಡ್ ಯಾವ ವರ್ಗಕ್ಕೆ ಹೋಯಿತು ಎಂದು ಪಟ್ಟಿ ಬಿಡಿಸಿ ನೋಡುವವರು ಮಾತ್ರ ಕಡಿಮೆ. ತಳಸಮುದಾಯದಿಂದ ಒಬ್ಬ ನಾಯಕಿ ಬೆಳೆಯುತ್ತಾಳೋ, ಐದೇ ವರ್ಷಕ್ಕೆ ಮನೆಗೆ ಮರಳುತ್ತಾಳೋ ಎಂಬುದು ಬಹುಪಾಲು ಆ ಪಟ್ಟಿಯಲ್ಲೇ ತೀರ್ಮಾನವಾಗಿಬಿಡುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಮೀಸಲು ವಾರ್ಡ್ ಎಂದರೆ ಅಭ್ಯರ್ಥಿಗೆ ಮಾತ್ರ ಮೀಸಲು, ಮತ ಎಲ್ಲರದ್ದೂ. ‘ಸಾಮಾನ್ಯ’ ಎಂದಿರುವ ವಾರ್ಡಿನಲ್ಲಿ ಪರಿಶಿಷ್ಟರೂ ಮಹಿಳೆಯರೂ ನಿಲ್ಲಬಹುದು. ಪಕ್ಷಗಳು ಅಲ್ಲಿ ಅವರಿಗೆ ಟಿಕೆಟ್ ಕೊಡುವುದು ಅಪರೂಪ, ಅದು ಪಕ್ಷಗಳ ತಪ್ಪು.

ಇನ್ನು ಲೆಕ್ಕ. 1992ರ 74ನೇ ತಿದ್ದುಪಡಿಯಿಂದ ಬಂದ ಸಂವಿಧಾನದ 243ಟಿ ವಿಧಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಗೆ ತಕ್ಕ ಪಾಲು, ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಪಾಲು ಎನ್ನುತ್ತದೆ. ಕರ್ನಾಟಕ ಮಹಿಳೆಯರ ಪಾಲನ್ನು ಅರ್ಧಕ್ಕೆ ಏರಿಸಿದೆ. ಹಿಂದುಳಿದ ವರ್ಗಗಳಿಗೆ ಸುಮಾರು ಮೂರನೇ ಒಂದು ಪಾಲು. ಸ್ಥಳೀಯ ಚುನಾವಣೆಗೆಂದೇ ಅವುಗಳನ್ನು ಎರಡು ಪಟ್ಟಿಯಾಗಿ ಮಾಡಿದ್ದಾರೆ: ಆ ಪಾಲಿನಲ್ಲಿ ಶೇ 80 ‘ಎ’ ವರ್ಗಕ್ಕೆ, ಶೇ 20 ‘ಬಿ’ ವರ್ಗಕ್ಕೆ. ಕೆಲಸಕ್ಕೆ, ಕಾಲೇಜಿಗೆ ತೋರಿಸುವ 2ಎ, 3ಬಿ ಪಟ್ಟಿ ಬೇರೆ, ಇದು ಬೇರೆ. ನಾಮಪತ್ರದ ದಿನ ತಪ್ಪು ಪ್ರಮಾಣಪತ್ರ ಹಿಡಿದು ಹೋದರೆ ಐದು ವರ್ಷದ ದುಡಿಮೆ ಅಲ್ಲೇ ಮುಗಿಯುತ್ತದೆ.

72 ವಾರ್ಡಿನ ಒಂದು ಪಾಲಿಕೆ ಇದೆ, ಅಲ್ಲಿ ಪರಿಶಿಷ್ಟ ಜಾತಿಯವರು ಶೇ 11, ಪಂಗಡದವರು ಶೇ 2 ಎಂದು ಇಟ್ಟುಕೊಳ್ಳಿ. ಜಾತಿಗೆ 8, ಪಂಗಡಕ್ಕೆ 1, ಹಿಂದುಳಿದ ವರ್ಗಕ್ಕೆ 24 (ಎ 19, ಬಿ 5). ಒಟ್ಟು 33. ಮೂರೂ ಸೇರಿ ಅರ್ಧವನ್ನು, ಅಂದರೆ 36ನ್ನು, ದಾಟುವಂತಿಲ್ಲ. 2010ರ ಕೃಷ್ಣಮೂರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎಳೆದ ಗೆರೆ ಅದು. ಉಳಿದ 39 ಸಾಮಾನ್ಯ. ಪ್ರತಿ ಗುಂಪಿನಲ್ಲೂ ಅರ್ಧ ಮಹಿಳೆಯರಿಗೆ ಎಂದಾಗ 39, 19, 5, 1 ಎಲ್ಲವೂ ಬೆಸಸಂಖ್ಯೆ. ಎಲ್ಲ ಕಡೆ ಕೆಳಕ್ಕೆ ಇಳಿಸಿದರೆ ಮಹಿಳಾ ವಾರ್ಡ್ 34, ಮೇಲಕ್ಕೆ ಏರಿಸಿದರೆ 38. ಪಟ್ಟಿ ಬಂದಾಗ ಮೊದಲು ಕೂಡಿ ನೋಡಬೇಕಾದ್ದು ಇದನ್ನೇ.

ಸಂಖ್ಯೆ ಸರಿಯಿದ್ದರೂ ಹಂಚಿಕೆ ಕೆಡಬಹುದು. 2022ರ ಆಗಸ್ಟ್‌ನಲ್ಲಿ ಬೆಂಗಳೂರಿನ ಆಗಿನ ಪಾಲಿಕೆ ಬಿಬಿಎಂಪಿಯ 243 ವಾರ್ಡ್‌ಗಳಿಗೆ ಪಟ್ಟಿ ಬಂದಾಗ, ಕೆಲವು ವಿಧಾನಸಭಾ ಕ್ಷೇತ್ರಗಳಲ್ಲಿ ಮಹಿಳಾ ವಾರ್ಡ್‌ಗಳನ್ನು ಒಂದೇ ಕಡೆ ರಾಶಿ ಹಾಕಿದ್ದಾರೆ ಎಂಬ ದೂರು ಎದ್ದಿತು. ಸೆಪ್ಟೆಂಬರ್ 30ರಂದು ಹೈಕೋರ್ಟ್ ಹಿಂದುಳಿದ ವರ್ಗ ಹಾಗೂ ಮಹಿಳಾ ಮೀಸಲಾತಿಯನ್ನು ಹೊಸದಾಗಿ ಮಾಡಿ ಎಂದಿತು. ವರ್ಷಾಂತ್ಯದೊಳಗೆ ಚುನಾವಣೆ ಮುಗಿಸಿ ಎಂದೂ ಹೇಳಿತು, ಆಗಲಿಲ್ಲ. ಹಿಂದಿನ ಕೌನ್ಸಿಲ್‌ನ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಪಟ್ಟಿ ಕೆಟ್ಟರೆ ಚುನಾವಣೆಯೇ ನಿಲ್ಲುತ್ತದೆ, ಆಗ ಎಲ್ಲ ವರ್ಗದವರೂ ಸಮಾನವಾಗಿ ಹೊರಗೆ.

ಆದ್ದರಿಂದ ಕರಡು ರಾಜ್ಯಪತ್ರದಲ್ಲಿ ಬಂದ ದಿನವೇ ಕೂತು ಓದಿ, ಆಕ್ಷೇಪಣೆಗೆ ಸಿಗುವುದು ಕೆಲವೇ ದಿನ. ವಾರ್ಡ್ ಸಂಖ್ಯೆ, ಒಟ್ಟು ಜನಸಂಖ್ಯೆ, ಪರಿಶಿಷ್ಟರ ಸಂಖ್ಯೆ, ಅವೇ ಬಡಾವಣೆಗಳಿಗೆ ಕಳೆದ ಬಾರಿ ಇದ್ದ ಮೀಸಲಾತಿ, ಇಷ್ಟನ್ನೂ ಒಂದು ಪುಟದಲ್ಲಿ ಬರೆದು ವಿಕಾಸಸೌಧದ ನಗರಾಭಿವೃದ್ಧಿ ಇಲಾಖೆಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ‘ನಮ್ಮ ವಾರ್ಡಿಗೆ ಅನ್ಯಾಯವಾಗಿದೆ’ ಎಂಬ ಒಂದು ಸಾಲಿನ ಅರ್ಜಿ ನಿಲ್ಲುವುದಿಲ್ಲ. ಪರಿಶಿಷ್ಟರ ಪ್ರಮಾಣ ಹೆಚ್ಚಿರುವ ವಾರ್ಡ್ ಬಿಟ್ಟು ಕಡಿಮೆ ಇರುವುದನ್ನು ಮೀಸಲಿಟ್ಟಿದ್ದಾರೆ ಎಂದು ಎರಡು ಅಂಕಿ ಪಕ್ಕಪಕ್ಕ ಇಟ್ಟು ತೋರಿಸಿದರೆ ನಿಲ್ಲುತ್ತದೆ. ಆಧಾರ ಇನ್ನೂ 2011ರ ಜನಗಣತಿ ಎಂಬುದೂ ನೆನಪಿರಲಿ. ಮಹದೇವಪುರದ ಕಡೆ ಆಮೇಲೆ ಬಂದು ನೆಲೆಸಿದ ಜನ ಅದರಲ್ಲಿ ಇಲ್ಲ.

ಬಿಬಿಎಂಪಿಯ ಮೇಯರ್ ಕುರ್ಚಿಯ ಮೀಸಲಾತಿಯಲ್ಲಿ ಬೇರೆ ತೊಡಕಿತ್ತು. ಸದಸ್ಯರ ಜೊತೆ ನಗರದ ಶಾಸಕರು, ಸಂಸದರೂ ಮತ ಹಾಕುತ್ತಿದ್ದರು. 2015ರಲ್ಲಿ 198ರಲ್ಲಿ 100 ಗೆದ್ದ ಬಿಜೆಪಿಗೆ ಮೇಯರ್ ಸ್ಥಾನ ಸಿಗದಿದ್ದದ್ದು ಹಾಗೆ. ಮೀಸಲು ಮೇಯರ್ ಯಾರೆಂದು ಆರಿಸುತ್ತಿದ್ದುದು ಆ ಸಮುದಾಯವಲ್ಲ, ಈ ಕೂಡಿಕೆ. ಅವಧಿಯೋ ಆಗ ಒಂದೇ ವರ್ಷ. ಬಜೆಟ್ ಕಡತ ಅರ್ಥವಾಗುವಷ್ಟರಲ್ಲಿ ಬೀಳ್ಕೊಡುಗೆ.

ನನಗೆ ಎಲ್ಲಕ್ಕಿಂತ ನೋವು ತರುವುದು ಆವರ್ತನ, ಅಂದರೆ ಮೀಸಲು ಒಂದು ವಾರ್ಡಿನಿಂದ ಇನ್ನೊಂದಕ್ಕೆ ಸರದಿಯಂತೆ ತಿರುಗುವುದು. ಮೊದಲ ಸಲ ಗೆದ್ದವಳಿಗೆ ಇಂಜಿನಿಯರ್, ಗುತ್ತಿಗೆದಾರ, ಕಾಮಗಾರಿ ಬಿಲ್ ಇವೆಲ್ಲ ಕೈಗೆ ಹತ್ತಲು ಎರಡು ವರ್ಷ ಬೇಕು. ಕಲಿತು ಕೆಲಸ ಶುರು ಮಾಡುವ ಹೊತ್ತಿಗೆ ಅವಳ ವಾರ್ಡ್ ‘ಸಾಮಾನ್ಯ’ವಾಗುತ್ತದೆ, ಪಕ್ಷ ಟಿಕೆಟನ್ನು ಗಂಡಸಿಗೆ ಕೊಡುತ್ತದೆ. ಮುಂದಿನ ಸಲ ಇಲ್ಲ ಎಂದು ಗೊತ್ತಿರುವುದರಿಂದಲೇ ಎಷ್ಟೋ ಮನೆಗಳಲ್ಲಿ ಗಂಡ ಕಾರ್ಪೊರೇಟರ್‌ನಂತೆ ಓಡಾಡುತ್ತಾನೆ, ಹೆಂಡತಿ ಸಹಿಗೆ ಮಾತ್ರ. ತಮಿಳುನಾಡಿನ ಪಂಚಾಯಿತಿಗಳಲ್ಲಿ ಒಂದು ಮೀಸಲು ಹತ್ತು ವರ್ಷ ಉಳಿಯುತ್ತದೆ. ಇಲ್ಲೂ ಎರಡು ಅವಧಿ ಉಳಿಸಲು ಸಂವಿಧಾನ ತಿದ್ದಬೇಕಿಲ್ಲ: 243ಟಿ ವಿಧಿ ಆವರ್ತನ ಮಾಡಬಹುದು ಎಂದಿದೆ, ಐದು ವರ್ಷಕ್ಕೊಮ್ಮೆ ಮಾಡಲೇಬೇಕು ಎಂದಿಲ್ಲ.